ಯೋಗಾಚಾರ್ಯ ತಿರುಮಲೈ ಕೃಷ್ಣಮಾಚಾರ್ಯ

ಯೋಗವೆಂಬುದು ವಿರಕ್ತರಿಗೆ ಮೀಸಲಾದ ವಿದ್ಯೆ, ಸಂಸಾರಿಗಳಿಗೆ ಅದು ಸಲ್ಲದು ಎಂಬ ಭಾವನೆ ಬಹುಕಾಲ ನಮ್ಮ ಜನರಲ್ಲಿ ಬೇರೂರಿತ್ತು. ಆ ವಿದ್ಯೆಯನ್ನು ಗೃಹಸ್ಥರ ಮನೆಬಾಗಿಲಿಗೆ ತಂದ ಮಹನೀಯರಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಅಗ್ರಗಣ್ಯರು.

ಅವರು 1888ರ ನವೆಂಬರ್ 18ರಂದು ಚಿತ್ರದುರ್ಗ ಜಿಲ್ಲೆಯಲ್ಲಿ ಜನಿಸಿದರು. ತಂದೆ ಶ್ರೀನಿವಾಸ ತಾತಾಚಾರ್ಯರೇ ಮೊದಲ ಗುರುಗಳು. ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡ ಬಾಲಕನು ಮೈಸೂರಿಗೆ ಬಂದು ಪರಕಾಲ ಮಠದಲ್ಲಿ ವಿದ್ಯಾಭ್ಯಾಸವನ್ನು ಮುಂದುವರಿಸಿದನು. ಬಳಿಕ ಕಾಶಿಯಲ್ಲಿ ಶಾಸ್ತ್ರಗಳನ್ನು ಅಭ್ಯಸಿಸಿ ವಿದ್ವಾಂಸರೆನಿಸಿದರು. ಮಾನಸ ಸರೋವರದ ಸಮೀಪದಲ್ಲಿ ರಾಮಮೋಹನ ಬ್ರಹ್ಮಚಾರಿಗಳೆಂಬ ಗುರುಗಳಿಂದ ಏಳು ವರ್ಷಗಳಿಗೂ ಮಿಗಿಲಾಗಿ ಯೋಗವನ್ನು ಕಲಿತುದಾಗಿ ಅವರು ಶಿಷ್ಯರಿಗೆ ತಿಳಿಸುತ್ತಿದ್ದರು. ಗುರುಗಳು ಬಯಸಿದ ದಕ್ಷಿಣೆ ಹೊನ್ನಲ್ಲ. ಶಿಷ್ಯನು ಊರಿಗೆ ಮರಳಿ, ಗೃಹಸ್ಥನಾಗಿ ಬಾಳುತ್ತ ಯೋಗವನ್ನು ಬೋಧಿಸಬೇಕೆಂಬುದೇ ಅವರ ಅಪೇಕ್ಷೆಯಾಗಿತ್ತು.

ಈ ಋಣವನ್ನು ತೀರಿಸುವುದು ಸುಲಭವಾಗಿರಲಿಲ್ಲ. 1925ರಲ್ಲಿ ನಾಮಗಿರಿಯಮ್ಮನವರನ್ನು ವರಿಸಿದ ಆಚಾರ್ಯರಿಗೆ ಯೋಗಬೋಧನೆಯಿಂದ ಹೊಟ್ಟೆ ತುಂಬಲಿಲ್ಲ. ಹಲವು ಶಾಸ್ತ್ರಗಳನ್ನು ಬಲ್ಲ ಆ ಪಂಡಿತರು ಹಾಸನ ಸೀಮೆಯ ಕಾಫಿ ತೋಟದಲ್ಲಿ ದುಡಿದರು. ಬಡತನದಲ್ಲಿಯೂ ಉಪನ್ಯಾಸ, ಪ್ರದರ್ಶನಗಳನ್ನು ಬಿಡಲಿಲ್ಲ. 1927ರಲ್ಲಿ ಹಾಸನದಲ್ಲಿ ಅವರ ಆಸನಗಳನ್ನು ಕಂಡು ಬೆರಗಾದ ಬಾಲಕ ಪಟ್ಟಾಭಿ ಜೋಯಿಸರು ಅವರ ಶಿಷ್ಯರಾದರು.

ಮೈಸೂರಿನ ಅರಸರಾದ ನಾಲ್ವಡಿ ಕೃಷ್ಣರಾಜ ಒಡೆಯರು ಆಚಾರ್ಯರ ಯೋಗ್ಯತೆಯನ್ನು ಗುರುತಿಸಿದರು. 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ಆರಂಭವಾಯಿತು. ಮರುವರ್ಷ ಅವರ ‘ಯೋಗ ಮಕರಂದ’ ಕನ್ನಡದಲ್ಲಿ ಪ್ರಕಟವಾಯಿತು. ಕಾಯಿಲೆಗಳಿಂದ ಸೊರಗಿದ್ದ ಬೆಳ್ಳೂರಿನ ಹುಡುಗ, ನಾಮಗಿರಿಯಮ್ಮನವರ ಸೋದರ, ಇಲ್ಲಿ ಯೋಗವನ್ನು ಕಲಿತು ಬಿ.ಕೆ.ಎಸ್. ಅಯ್ಯಂಗಾರ್ ಎಂದು ಲೋಕವಿಖ್ಯಾತನಾದನು. ವಿದೇಶೀ ಮಹಿಳೆ ಇಂದ್ರಾದೇವಿಗೆ ಕಲಿಸಲು ಆಚಾರ್ಯರು ಮೊದಲು ಒಪ್ಪಲಿಲ್ಲ. ಅರಸರ ಮಾತಿನಂತೆ ಒಪ್ಪಿದ ಮೇಲೆ ಮನಸಾರೆ ಕಲಿಸಿದರು.

ಕಾಲ ಬದಲಾಯಿತು. 1940ರಲ್ಲಿ ಒಡೆಯರು ತೀರಿಕೊಂಡರು. ಸ್ವಾತಂತ್ರ್ಯಾನಂತರ ಅರಮನೆಯ ಆಶ್ರಯ ತಪ್ಪಿ 1950ರಲ್ಲಿ ಯೋಗಶಾಲೆ ಮುಚ್ಚಿತು. ಅರುವತ್ತು ದಾಟಿದ ವಯಸ್ಸಿನಲ್ಲಿ ಆಚಾರ್ಯರು ಬಾಳನ್ನು ಹೊಸದಾಗಿ ಕಟ್ಟಬೇಕಾಯಿತು. ಪಾರ್ಶ್ವವಾಯು ಪೀಡಿತರಾದ ನ್ಯಾಯವಾದಿಯೊಬ್ಬರ ಶುಶ್ರೂಷೆಗಾಗಿ 1952ರಲ್ಲಿ ಮದರಾಸಿಗೆ ಹೋಗಿ ಅಲ್ಲಿಯೇ ನೆಲೆಸಿದರು.

ಮೈಸೂರಿನಲ್ಲಿ ಅವರ ಮುಂದಿದ್ದವರು ಚುರುಕಾದ ಬಾಲಕರು. ಮದರಾಸಿನಲ್ಲಿ ಬಂದವರು ರೋಗಿಗಳು, ವೃದ್ಧರು, ದುಡಿಮೆಯಿಂದ ಬಳಲಿದ ಗೃಹಸ್ಥರು. ಎಲ್ಲರಿಗೂ ಒಂದೇ ಪಾಠವನ್ನು ಅವರು ಹೇಳಲಿಲ್ಲ. ವಯಸ್ಸು, ಬಲ, ವೃತ್ತಿಗಳನ್ನು ವಿಚಾರಿಸಿ, ನಾಡಿಯನ್ನು ಪರೀಕ್ಷಿಸಿ, ಒಬ್ಬೊಬ್ಬರಿಗೂ ತಕ್ಕ ಅಭ್ಯಾಸವನ್ನು ಗೊತ್ತುಮಾಡುತ್ತಿದ್ದರು. ತೋಳನ್ನೆತ್ತುವಾಗ ಉಸಿರನ್ನು ಒಳಗೆಳೆಯುವುದು, ಬಾಗುವಾಗ ನಿಧಾನವಾಗಿ ಹೊರಬಿಡುವುದು: ಹೀಗೆ ಚಲನೆ ಉಸಿರಿನೊಡನೆ ಬೆರೆತಾಗ ಚಂಚಲ ಮನಸ್ಸು ಒಂದೆಡೆ ನಿಲ್ಲುತ್ತದೆಂಬುದು ಅವರ ಬೋಧನೆಯ ತಿರುಳು.

ಮಗ ಟಿ.ಕೆ.ವಿ. ದೇಶಿಕಾಚಾರ್ಯರು 1976ರಲ್ಲಿ ಮದರಾಸಿನಲ್ಲಿ ಕೃಷ್ಣಮಾಚಾರ್ಯ ಯೋಗ ಮಂದಿರವನ್ನು ಸ್ಥಾಪಿಸಿದರು. ತೊಂಬತ್ತಾರರ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದಾಗ ಆಚಾರ್ಯರು ಹಾಸಿಗೆಯಲ್ಲಿಯೇ ಮಾಡಬಹುದಾದ ಅಭ್ಯಾಸವನ್ನು ತಾವೇ ರೂಪಿಸಿಕೊಂಡರು. ನೂರು ವರ್ಷ ತುಂಬಿದ ಬಳಿಕ 1989ರಲ್ಲಿ ನಿಧನ ಹೊಂದಿದರು.

2015ರಿಂದ ಜೂನ್ 21 ಅಂತರರಾಷ್ಟ್ರೀಯ ಯೋಗ ದಿನವಾಗಿದೆ. ಮೈಸೂರಿನಲ್ಲಿರಲಿ, ಸಿಂಧನೂರು, ಲಿಂಗಸುಗೂರು, ಮಸ್ಕಿಗಳಲ್ಲಿರಲಿ, ಪರೀಕ್ಷೆಯ ಭಯವೂ ದುಡಿಮೆಯ ಅವಸರವೂ ಇಂದು ಎಲ್ಲರನ್ನೂ ಕಾಡುತ್ತವೆ. ಯೋಗಕ್ಕಾಗಿ ಬಾಳನ್ನು ತೊರೆಯಬೇಕಾಗಿಲ್ಲ, ಬಾಳಿನ ನಡುವೆಯೇ ಸಮತೋಲವನ್ನು ಗಳಿಸಬಹುದು ಎಂಬುದನ್ನು ಕೃಷ್ಣಮಾಚಾರ್ಯರು ತಮ್ಮ ಬದುಕಿನಿಂದಲೇ ತೋರಿಸಿಕೊಟ್ಟರು.