ಈಚಲು ಮರಕ್ಕೆ ಕೊಡಲಿ ಎತ್ತಿದ ವಕೀಲರು

ಹರಿಹರದ ಆರೋಗ್ಯ ಮಾತೆಯ ಸನ್ನಿಧಿಗೆ ಬರುವ ತಾಯಂದಿರ ಬಿನ್ನಹಗಳಲ್ಲಿ ಗಂಡನ ಇಲ್ಲವೆ ಮಗನ ಕುಡಿತ ಬಿಡಿಸಬೇಕೆಂಬುದೂ ಒಂದು. ಈ ಪಿಡುಗಿನ ವಿರುದ್ಧ ನಮ್ಮ ಸೀಮೆಯಲ್ಲಿಯೇ ಹೋರಾಡಿ ಸೆರೆಮನೆ ಸೇರಿದ ಹಿರಿಯರೊಬ್ಬರನ್ನು ಈ ವಾರ ಸ್ಮರಿಸೋಣ.

ಸಿದ್ಧವನಹಳ್ಳಿ ನಿಜಲಿಂಗಪ್ಪನವರು 1902ರ ಡಿಸೆಂಬರ್ 10ರಂದು ಅಂದಿನ ಬಳ್ಳಾರಿ ಜಿಲ್ಲೆಯ ಹಲುವಾಗಲು ಗ್ರಾಮದಲ್ಲಿ ಜನಿಸಿದರು. ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡ ಅವರು ದಾವಣಗೆರೆ, ಚಿತ್ರದುರ್ಗ, ಬೆಂಗಳೂರುಗಳಲ್ಲಿ ಓದಿ, 1926ರಲ್ಲಿ ಪುಣೆಯಲ್ಲಿ ಕಾನೂನು ಪದವಿ ಪಡೆದರು. ಚಿತ್ರದುರ್ಗದಲ್ಲಿ ವಕೀಲಿ ಮಾಡುತ್ತಲೇ ಗಾಂಧೀಜಿಯವರ ಮಾರ್ಗ ಹಿಡಿದರು.

ಆ ಕಾಲದಲ್ಲಿ ಈಚಲು ಮರದ ಹೆಂಡವು ಸರ್ಕಾರದ ಬೊಕ್ಕಸಕ್ಕೆ ಆದಾಯದ ಮೂಲವಾಗಿತ್ತು. ಕೂಲಿಕಾರನ ದಿನದ ದುಡಿಮೆ ಸಂಜೆಗೆ ಹೆಂಡದಂಗಡಿಗೆ ಸಂದು, ಮನೆಯಲ್ಲಿ ಮಕ್ಕಳು ಹಸಿದು ಮಲಗುತ್ತಿದ್ದವು. 1939ರಲ್ಲಿ ಚಿತ್ರದುರ್ಗದ ಸಮೀಪದ ತುರುವನೂರಿನಲ್ಲಿ ಈಚಲು ಮರಗಳನ್ನು ಕಡಿಯುವ ಸತ್ಯಾಗ್ರಹ ನಡೆಯಿತು. ನಿಜಲಿಂಗಪ್ಪನವರು ಅದರ ಮುಂದಾಳುಗಳಲ್ಲಿ ಒಬ್ಬರು. ಅದಕ್ಕಾಗಿ ಅವರು ಸೆರೆವಾಸ ಅನುಭವಿಸಿದರು. ವಕೀಲಿಯ ಸನ್ನದನ್ನೂ ಕಳೆದುಕೊಂಡರು.

1956ರಲ್ಲಿ ಏಕೀಕೃತ ರಾಜ್ಯದ ಮೊದಲ ಮುಖ್ಯಮಂತ್ರಿಯಾದರು. 1962ರಿಂದ 1968ರವರೆಗೆ ಮತ್ತೆ ಅದೇ ಹೊಣೆ ಹೊತ್ತರು. ಆದರೆ 1967ರಲ್ಲಿ ರಾಜ್ಯದ ಪಾನನಿರೋಧ ರದ್ದಾದುದೂ ಅವರ ಆಡಳಿತದಲ್ಲಿಯೇ. ಮರ ಕಡಿದ ಕೈಗಳೇ ಬಾಗಿಲು ತೆರೆಯಬೇಕಾಯಿತು. ಹಿರಿಯರನ್ನು ಹಳಿಯಲು ಇದನ್ನು ಹೇಳುತ್ತಿಲ್ಲ. ಕಾನೂನು ಕೈಯನ್ನು ತಡೆಯಬಲ್ಲದು, ಬಯಕೆಯನ್ನು ತಡೆಯಲಾರದು ಎಂಬ ಪಾಠ ಇದರಲ್ಲಿದೆ. 2007ರ ಜುಲೈ 1ರಿಂದ ನಮ್ಮ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಪ್ಯಾಕೆಟ್ ಹೋದರೂ ಬಾಟಲಿ ಉಳಿಯಿತು. ಈಗ ಹರೆಯದವರನ್ನು ಗಾಂಜಾ, ಅಮಲಿನ ಮಾತ್ರೆಗಳೂ ಸೆಳೆಯುತ್ತಿವೆ.

ಅಮಲಿಗೆ ಒಗ್ಗಿದ ಮೆದುಳು ನಿನ್ನೆಯ ಅಳತೆಗೆ ಇಂದು ತೃಪ್ತಿಪಡದು. ಮದ್ಯವು ಪಿತ್ತಜನಕಾಂಗವನ್ನು ಕೆಡಿಸುತ್ತದೆ. ಬುದ್ಧಿ ಮಂಕಾಗುತ್ತದೆ, ದುಡಿಮೆ ತಪ್ಪುತ್ತದೆ. ಕೊನೆಗೆ ಆಯ್ಕೆ ಮಾಡುವ ಸ್ವಾತಂತ್ರ್ಯವೇ ಕ್ಷೀಣಿಸುತ್ತದೆ. ಮನುಷ್ಯನಿಗೆ ದೇವರಿತ್ತ ಹಿರಿಯ ಕೊಡುಗೆಯೇ ಅದು. ಬಹುಕಾಲ ಕುಡಿದವನು ಒಮ್ಮೆಲೇ ಬಿಟ್ಟರೆ ನಡುಕ, ಮೂರ್ಛೆಗಳು ಬಂದು ಪ್ರಾಣಕ್ಕೇ ಅಪಾಯವಾಗಬಹುದು. ಆದುದರಿಂದ ಪೂಜಾಪೀಠದ ಮುಂದೆ ಆಣೆ ಮಾಡಿಸುವುದಷ್ಟೇ ಸಾಲದು. ವೈದ್ಯರ ಬಳಿಗೂ ಕರೆದೊಯ್ಯಬೇಕು. ಪ್ರಾರ್ಥನೆ ಮತ್ತು ಚಿಕಿತ್ಸೆ ಒಂದಕ್ಕೊಂದು ವಿರೋಧಿಗಳಲ್ಲ. ವ್ಯಸನಮುಕ್ತಿಗಾಗಿ 14446 ಎಂಬ ಉಚಿತ ದೂರವಾಣಿ ಸಂಖ್ಯೆಯೂ ಇದೆ. ಮಾನಕ್ಕೆ ಅಂಜಿ ಮನೆಯ ರೋಗವನ್ನು ಮುಚ್ಚಿಡುವುದು ರೋಗಿಗೆ ಮಾಡುವ ದ್ರೋಹ.

ನಿಜಲಿಂಗಪ್ಪನವರು 2000ದ ಆಗಸ್ಟ್ 8ರಂದು ನಿಧನರಾದರು. ಚಿತ್ರದುರ್ಗದ ಬಳಿ ಸೀಬಾರದಲ್ಲಿ ಅವರ ಸ್ಮಾರಕವಿದೆ. ಅಂದು ತುರುವನೂರಿನಲ್ಲಿ ಕೊಡಲಿ ಬಿದ್ದದ್ದು ಮರದ ಬುಡಕ್ಕೆ. ಸ್ನಾನಿಕ ಯೊವಾನ್ನರು ಸಾರಿದ ಕೊಡಲಿ ಬೇರಿಗೇ ತಾಗುವಂಥದು. ಬೇರು ಇರುವುದು ನಮ್ಮ ಮನೆಗಳಲ್ಲಿ: ಮದುವೆ, ನಾಮಕರಣಗಳ ಔತಣದಲ್ಲಿ ಮಕ್ಕಳ ಕಣ್ಣೆದುರೇ ನಾವು ಎತ್ತುವ ಲೋಟದಲ್ಲಿ. ಮುಂದಿನ ಔತಣದಲ್ಲಿ ಆ ಲೋಟವನ್ನು ಕೆಳಗಿಡುವ ಧೈರ್ಯ ಮನೆಯ ಯಜಮಾನನಿಗೆ ಬರಲಿ. ಆರೋಗ್ಯ ಮಾತೆಗೆ ಸಲ್ಲುವ ಉತ್ತಮ ಹರಕೆ ಅದೇ.