ಬಿಟ್ಟ ವಾದ್ಯ ಮರಳಿ ಒಲಿದ ಬಗೆ: ಡಾ. ಆಲ್ಬರ್ಟ್ ಶ್ವೈಟ್ಸರ್

ವಿದ್ಯೆಯನ್ನು ಗಳಿಸುವುದು ಕಷ್ಟ. ಗಳಿಸಿದ ವಿದ್ಯೆಯನ್ನು ಉಳಿಸಿಕೊಳ್ಳುವುದು ಇನ್ನೂ ಕಷ್ಟ. ಇವೆರಡಕ್ಕಿಂತಲೂ ಕಠಿಣವಾದ ಮೂರನೆಯ ಪರೀಕ್ಷೆಯೊಂದುಂಟು. ಪ್ರಾಣಕ್ಕೆ ಸಮನಾದ ವಿದ್ಯೆಯನ್ನು ಮತ್ತೊಂದು ಮಹತ್ಕಾರ್ಯಕ್ಕಾಗಿ ತಾನಾಗಿಯೇ ತೊರೆದು ನಡೆಯುವುದೇ ಆ ಪರೀಕ್ಷೆ. ಆಫ್ರಿಕದ ಅರಣ್ಯದಲ್ಲಿ ರೋಗಿಗಳ ಸೇವೆಗೆ ಬಾಳನ್ನು ಮುಡಿಪಾಗಿಟ್ಟ ಡಾ. ಆಲ್ಬರ್ಟ್ ಶ್ವೈಟ್ಸರ್ ಅವರು ಈ ಪರೀಕ್ಷೆಯನ್ನು ಎದುರಿಸಿದವರು. ವೈದ್ಯರೆಂದು, ತತ್ತ್ವಜ್ಞಾನಿಯೆಂದು ಅವರ ಹೆಸರನ್ನು ಕೇಳಿದವರು ಅನೇಕರು. ಅವರು ತಮ್ಮ ಕಾಲದ ಶ್ರೇಷ್ಠ ಆರ್ಗನ್ ವಾದಕರಲ್ಲಿ ಒಬ್ಬರಾಗಿದ್ದರೆಂಬುದೂ, ಆ ವಾದ್ಯವನ್ನು ಶಾಶ್ವತವಾಗಿ ಬಿಡಲು ನಿಶ್ಚಯಿಸಿ ಮರಳಿ ಅದನ್ನು ಪಡೆದರೆಂಬುದೂ ಅಷ್ಟಾಗಿ ತಿಳಿದಿಲ್ಲ.

ಶ್ವೈಟ್ಸರ್ ಅವರು 1875ರ ಜನವರಿ 14ರಂದು ಅಲ್ಸೇಸ್ ಪ್ರಾಂತದ ಕೈಸರ್ಸ್‌ಬೆರ್ಗ್ ಎಂಬ ಪಟ್ಟಣದಲ್ಲಿ ಜನಿಸಿದರು. ಈಗ ಫ್ರಾನ್ಸಿಗೆ ಸೇರಿರುವ ಆ ಪ್ರಾಂತವು ಆಗ ಜರ್ಮನಿಯ ವಶದಲ್ಲಿತ್ತು. ತಂದೆ ಕ್ರೈಸ್ತ ಪಾದ್ರಿಗಳು. ಮಗು ಹುಟ್ಟಿದ ವರ್ಷವೇ ಕುಟುಂಬವು ಗುನ್ಸ್‌ಬಾಖ್ ಎಂಬ ಹಳ್ಳಿಗೆ ಬಂದು ನೆಲಸಿತು. ತಾಯಿಯ ತಂದೆ ಆರ್ಗನ್ ವಾದ್ಯದಲ್ಲಿ ಅಪಾರ ಪ್ರೀತಿಯುಳ್ಳವರಾಗಿದ್ದರು. ಅವರ ಹಳೆಯ ಪಿಯಾನೋ ಈ ಮನೆಗೆ ಬಂದಿತ್ತು. ಐದನೆಯ ವಯಸ್ಸಿನಲ್ಲಿ ಬಾಲಕನು ಅದರ ಮುಂದೆ ಕುಳಿತು ತಂದೆಯಿಂದ ಪಾಠ ಹೇಳಿಸಿಕೊಳ್ಳತೊಡಗಿದನು.

ಆರ್ಗನ್ ಎಂಬುದು ಚರ್ಚುಗಳಲ್ಲಿ ಗೋಡೆಯೆತ್ತರಕ್ಕೆ ನಿಲ್ಲುವ ಬೃಹತ್ ವಾದ್ಯ. ನಮ್ಮ ಹಾರ್ಮೋನಿಯಮ್ಮಿಗೂ ಅದಕ್ಕೂ ದೂರದ ನಂಟು. ನೂರಾರು, ಕೆಲವೆಡೆ ಸಾವಿರಾರು ಕೊಳವೆಗಳ ಮೂಲಕ ಗಾಳಿ ಹರಿದು ನಾದ ಹೊಮ್ಮುತ್ತದೆ. ಒಂದರ ಮೇಲೊಂದರಂತೆ ಜೋಡಿಸಿದ ಸ್ವರಪಟ್ಟಿಗಳ ಸಾಲುಗಳನ್ನು ಬೆರಳುಗಳಿಂದ ನುಡಿಸುತ್ತಿರುವಾಗಲೇ, ಕೆಳಗೆ ಹಾಸಿದ ಮರದ ಪಟ್ಟಿಗಳನ್ನು ಎರಡೂ ಪಾದಗಳಿಂದ ಒತ್ತಿ ಮಂದ್ರ ಸ್ವರಗಳನ್ನು ಹೊರಡಿಸಬೇಕು. ಕಾಲುಗಳು ಆ ಪಟ್ಟಿಗಳಿಗೆ ಎಟುಕಿದವೋ ಇಲ್ಲವೋ ಎಂಬಂತಿದ್ದ ಎಂಟನೆಯ ವಯಸ್ಸಿನಲ್ಲಿಯೇ ಶ್ವೈಟ್ಸರ್ ಆರ್ಗನ್ನಿನ ಮುಂದೆ ಕುಳಿತರು. ಒಂಬತ್ತರಲ್ಲಿ ಊರಿನ ಚರ್ಚಿನ ವಾದಕನಿಗೆ ಬದಲಾಗಿ ಪ್ರಾರ್ಥನೆಯ ಸಮಯದಲ್ಲಿ ನುಡಿಸಿದರು.

ಪ್ರೌಢ ವಿದ್ಯಾಭ್ಯಾಸಕ್ಕಾಗಿ 1885ರಲ್ಲಿ ಅವರು ಮ್ಯುಲೂಸ್ ನಗರಕ್ಕೆ ಹೋದರು. ಅಲ್ಲಿ ಮಕ್ಕಳಿಲ್ಲದ ಹಿರಿಯ ಬಂಧುಗಳ ಮನೆಯಲ್ಲಿ ವಾಸ. ಆ ಮನೆಯ ಯಜಮಾನಿ ಶಿಸ್ತಿನ ಹೆಂಗಸು. ಮಧ್ಯಾಹ್ನದ ಊಟವಾದೊಡನೆ ಪಿಯಾನೋ ಅಭ್ಯಾಸಕ್ಕೆ ಕೂಡಲೇಬೇಕೆಂಬುದು ಆಕೆಯ ಕಟ್ಟಪ್ಪಣೆ. ಹುಡುಗನಿಗಾದರೋ ಅಭ್ಯಾಸವೆಂದರೆ ಬೇಸರ. ಸಂಗೀತವು ಮುಂದೆ ಯಾವಾಗ ಉಪಯೋಗಕ್ಕೆ ಬಂದೀತೆಂದು ಯಾರಿಗೂ ತಿಳಿಯದೆಂದು ಆಕೆ ಬುದ್ಧಿ ಹೇಳುತ್ತಿದ್ದಳು. ಆ ಮಾತು ಎಷ್ಟರಮಟ್ಟಿಗೆ ನಿಜವಾದೀತೆಂಬುದನ್ನು ಆಗ ಆಕೆಯೂ ಊಹಿಸಿರಲಾರಳು.

ಮ್ಯುಲೂಸಿನಲ್ಲಿ ಸಂಗೀತದ ಗುರುಗಳು ಯೂಜೀನ್ ಮುನ್ಷ್. ಆರಂಭದಲ್ಲಿ ಶಿಷ್ಯನ ವಿಷಯದಲ್ಲಿ ಅವರಿಗೆ ತೀವ್ರ ನಿರಾಶೆ. ಹುಡುಗನು ಕೊಟ್ಟ ಪಾಠವನ್ನು ಸರಿಯಾಗಿ ಸಾಧಿಸದೆ ಬರುತ್ತಿದ್ದನು. ಸಂಕೋಚ ಸ್ವಭಾವದಿಂದಾಗಿ ತನ್ನ ಭಾವವನ್ನು ವಾದನದಲ್ಲಿ ತೋರಗೊಡುತ್ತಿರಲಿಲ್ಲ. ಒಮ್ಮೆ ಗುರುಗಳು ಬೇಸತ್ತು, ಇಂಥವನಿಗೆ ಸುಂದರವಾದ ಕೃತಿಯನ್ನು ಕೊಡುವುದೇ ವ್ಯರ್ಥವೆಂಬ ಭಾವದಿಂದಲೇ ಮೆಂಡೆಲ್ಸೋನನ ಪುಟ್ಟ ರಚನೆಯೊಂದನ್ನು ಕೊಟ್ಟರು. ಆ ಅವಹೇಳನ ಶಿಷ್ಯನ ಎದೆಗೆ ನಾಟಿತು. ಯಾವ ಸ್ವರಕ್ಕೆ ಯಾವ ಬೆರಳೆಂಬುದನ್ನು ಸ್ವತಃ ಗುರುತುಮಾಡಿಕೊಂಡು ವಾರವಿಡೀ ಸಾಧಿಸಿ, ಮುಂದಿನ ಪಾಠದಲ್ಲಿ ಮನಬಿಚ್ಚಿ ನುಡಿಸಿದನು. ಗುರುಗಳು ಹೆಚ್ಚು ಮಾತನಾಡಲಿಲ್ಲ. ಭುಜದ ಮೇಲೆ ಕೈಯಿಟ್ಟರು. ಅನಂತರ ಬೇಥೋವನ್, ಅದರ ಮುಂದೆ ಬಾಖ್, ಹಾಗೆಯೇ ಆರ್ಗನ್ ಪಾಠ, ಹೀಗೆ ವಿದ್ಯೆ ಬೆಳೆಯಿತು. ಹದಿನಾರನೆಯ ವಯಸ್ಸಿನಲ್ಲಿ ಅವರು ಗುರುಗಳ ಸ್ಥಾನದಲ್ಲಿ ಕುಳಿತು ನುಡಿಸುವಷ್ಟಾದರು.

1893ರಲ್ಲಿ ಪ್ಯಾರಿಸಿಗೆ ಹೋದಾಗ ಪ್ರಸಿದ್ಧ ವಾದಕರಾದ ಷಾರ್ಲ್ ಮರೀ ವಿಡೋರ್ ಅವರು ಈ ಯುವಕನ ವಾದನವನ್ನು ಕೇಳಿ ಶಿಷ್ಯನನ್ನಾಗಿ ಸ್ವೀಕರಿಸಿದರು. ಮುಂದೆ ಗುರುಶಿಷ್ಯರ ಸಂಬಂಧವು ಗಾಢ ಸ್ನೇಹವಾಯಿತು. ಹದಿನೆಂಟನೆಯ ಶತಮಾನದ ಮಹಾ ಸಂಗೀತಕಾರ ಯೋಹಾನ್ ಸೆಬಾಸ್ಟಿಯನ್ ಬಾಖ್‌ನನ್ನು ಕುರಿತು ಶ್ವೈಟ್ಸರ್ ಅವರು ಫ್ರೆಂಚ್ ಭಾಷೆಯಲ್ಲಿ ಬರೆದ ಗ್ರಂಥವು 1905ರಲ್ಲಿ ಪ್ರಕಟವಾಯಿತು. ಅದನ್ನೇ ಅನುವಾದಿಸಲು ಮನಸ್ಸೊಪ್ಪದೆ ಜರ್ಮನ್ ಭಾಷೆಯಲ್ಲಿ ಹೊಸದಾಗಿ ರಚಿಸಿದ, 844 ಪುಟಗಳ ಬೃಹದ್ಗ್ರಂಥವು 1908ರಲ್ಲಿ ಹೊರಬಂದಿತು. ಪ್ಯಾರಿಸಿನಲ್ಲಿ ಬಾಖ್ ಸಂಘವು ಸ್ಥಾಪಿತವಾದಾಗ ಸ್ಥಾಪಕರಲ್ಲಿ ಅವರೂ ಒಬ್ಬರು. ಆ ಸಂಘದ ಕಚೇರಿಗಳಲ್ಲಿಯೂ ಬಾರ್ಸಿಲೋನಾದ ಗಾಯನಸಂಘದ ಕಚೇರಿಗಳಲ್ಲಿಯೂ ಆರ್ಗನ್ ನುಡಿಸುವವರು ಅವರೇ. ಇದರೊಂದಿಗೆ ಸ್ಟ್ರಾಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಧರ್ಮಶಾಸ್ತ್ರದ ಅಧ್ಯಾಪನವೂ ಸಾಗಿತ್ತು.

ಆದರೆ ಇಷ್ಟು ಹೊತ್ತಿಗೆ ಅವರ ಅಂತರಂಗದಲ್ಲಿ ಬೇರೊಂದು ನಿರ್ಧಾರ ಬೇರೂರಿತ್ತು. 1896ರಲ್ಲಿ, ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಅವರು ಒಂದು ಸಂಕಲ್ಪ ಮಾಡಿದ್ದರು: ಮೂವತ್ತು ವರ್ಷ ತುಂಬುವವರೆಗೆ ಶಾಸ್ತ್ರ ಮತ್ತು ಕಲೆ, ಆಮೇಲೆ ನೇರವಾದ ಮಾನವಸೇವೆ. 1904ರಲ್ಲಿ ಪ್ಯಾರಿಸಿನ ಮಿಷನ್ ಪತ್ರಿಕೆಯೊಂದರ ಲೇಖನದಿಂದ, ಮಧ್ಯ ಆಫ್ರಿಕದ ಗಬಾನ್ ಪ್ರದೇಶದಲ್ಲಿ ಕೆಲಸಗಾರರ ಕೊರತೆಯಿರುವುದು ತಿಳಿಯಿತು. 1905ರ ಅಕ್ಟೋಬರ್ 13ರಂದು ತಮ್ಮ ನಿರ್ಧಾರವನ್ನು ತಿಳಿಸುವ ಪತ್ರಗಳನ್ನು ಬಂಧುಮಿತ್ರರಿಗೆ ಅಂಚೆಗೆ ಹಾಕಿದರು. ಎಲ್ಲರಿಗೂ ಆಶ್ಚರ್ಯ, ಹಲವರಿಗೆ ಕೋಪ. ಮಗನಂತೆ ಪ್ರೀತಿಸುತ್ತಿದ್ದ ವಿಡೋರ್ ಅವರೂ ಕಟುವಾಗಿ ಆಕ್ಷೇಪಿಸಿದರು. ಶ್ವೈಟ್ಸರ್ ಕದಲಲಿಲ್ಲ. ಮೂವತ್ತನೆಯ ವಯಸ್ಸಿನಲ್ಲಿ ವೈದ್ಯಕೀಯ ತರಗತಿಯ ಬೆಂಚಿನ ಮೇಲೆ ಹುಡುಗರೊಂದಿಗೆ ಕುಳಿತರು. 1911ರ ಅಂತಿಮ ಪರೀಕ್ಷೆಯ ಶುಲ್ಕವನ್ನು ಮ್ಯೂನಿಕ್ ಸಂಗೀತೋತ್ಸವದಲ್ಲಿ ಆರ್ಗನ್ ನುಡಿಸಿ ಬಂದ ಸಂಭಾವನೆಯಿಂದಲೇ ತೆತ್ತರು.

ಆಫ್ರಿಕಕ್ಕೆ ಹೊರಡುವುದೆಂದರೆ ಮೂರು ತ್ಯಾಗಗಳಿಗೆ ಸಿದ್ಧವಾಗಬೇಕಾಗಿತ್ತು: ಆರ್ಗನ್ ವಾದನ, ಪ್ರಿಯವಾದ ಅಧ್ಯಾಪನ, ಸ್ವಂತ ದುಡಿಮೆಯಿಂದ ಬದುಕುವ ಸ್ವಾತಂತ್ರ್ಯ. ಇವು ಎಷ್ಟು ನೋವಿನ ತ್ಯಾಗಗಳೆಂಬುದು ಆಪ್ತಮಿತ್ರರಿಗೆ ಮಾತ್ರ ಗೊತ್ತಿತ್ತು. ಮೊದಲನೆಯ ತ್ಯಾಗದ ವಿಷಯದಲ್ಲಿ ಅವರು ತಮ್ಮಷ್ಟಕ್ಕೆ ಒಂದು ಉಪಾಯವನ್ನೂ ಯೋಚಿಸಿದ್ದರು. ನುಡಿಸುವುದನ್ನು ಸಂಪೂರ್ಣವಾಗಿ ಕೈಬಿಟ್ಟು ಬೆರಳುಗಳಿಗೂ ಪಾದಗಳಿಗೂ ತುಕ್ಕು ಹಿಡಿಯಗೊಟ್ಟರೆ, ಕಾಲಕ್ರಮದಲ್ಲಿ ಅಗಲಿಕೆಯ ನೋವು ತಾನಾಗಿಯೇ ಕಡಿಮೆಯಾದೀತೆಂಬುದೇ ಆ ಉಪಾಯ.

ಪ್ಯಾರಿಸಿನ ಬಾಖ್ ಸಂಘದವರು ಮಾತ್ರ ಹಾಗೆ ಬಿಟ್ಟುಕೊಡಲಿಲ್ಲ. ಹಲವು ವರ್ಷಗಳ ಸೇವೆಯ ಸ್ಮರಣೆಗಾಗಿ, ಆರ್ಗನ್ನಿನಂತೆ ಕಾಲುಪಟ್ಟಿಗಳನ್ನು ಅಳವಡಿಸಿದ, ಉಷ್ಣವಲಯದ ಹವೆಯನ್ನು ತಾಳಿಕೊಳ್ಳುವಂತೆ ವಿಶೇಷವಾಗಿ ನಿರ್ಮಿಸಿದ ಪಿಯಾನೋ ಒಂದನ್ನು ಕಾಣಿಕೆಯಾಗಿ ಕೊಟ್ಟರು. 1913ರ ಮಾರ್ಚ್ 26ರಂದು ಶ್ವೈಟ್ಸರ್ ಅವರು ಪತ್ನಿ ಹೆಲೆನ್ ಅವರೊಂದಿಗೆ ಹಡಗೇರಿ, ಏಪ್ರಿಲ್ ಮಧ್ಯದಲ್ಲಿ ಒಗೋವೆ ನದಿಯ ದಡದ ಲಾಂಬರೇನೆಯನ್ನು ತಲುಪಿದರು. ಸತುವಿನ ಹೊದಿಕೆಯ ಪೆಟ್ಟಿಗೆಯಲ್ಲಿ ಭದ್ರಪಡಿಸಿದ ಪಿಯಾನೋ, ಒಂದೇ ಮರದ ಕಾಂಡವನ್ನು ಕೊರೆದು ಮಾಡಿದ ದೊಡ್ಡ ದೋಣಿಯಲ್ಲಿ ಬಂದಿಳಿಯಿತು.

ಅಲ್ಲಿ ಆಸ್ಪತ್ರೆಯ ಕಟ್ಟಡವೇ ಇರಲಿಲ್ಲ. ಹಳೆಯ ಕೋಳಿಗೂಡೊಂದನ್ನು ಸ್ವಚ್ಛಗೊಳಿಸಿ ಚಿಕಿತ್ಸೆ ಆರಂಭಿಸಿದರು. ಸುದ್ದಿ ಹರಡಿದಂತೆ ದೂರದೂರದಿಂದ ದೋಣಿಗಳಲ್ಲಿ ರೋಗಿಗಳು ಬರತೊಡಗಿದರು. ಮಲೇರಿಯ, ಕುಷ್ಠ, ನಿದ್ರಾರೋಗ, ಆಮಶಂಕೆ, ಹುಣ್ಣುಗಳು, ಅಂಡವಾಯು. ಮೊದಲ ಒಂಬತ್ತು ತಿಂಗಳಲ್ಲಿಯೇ ಸುಮಾರು ಎರಡು ಸಾವಿರ ಮಂದಿ. ಪತ್ನಿ ದಾದಿಯಾಗಿ ನೆರವಾಗುತ್ತಿದ್ದರು. ದಿನದ ಕೊನೆಗೆ ದೇಹ ದಣಿದು ಹೋಗುತ್ತಿತ್ತು. ವಾದ್ಯವನ್ನು ಮರೆಯಲು ಇದಕ್ಕಿಂತ ತಕ್ಕ ಸನ್ನಿವೇಶ ಬೇರೊಂದಿಲ್ಲವೆಂದೇ ತೋರುತ್ತಿತ್ತು.

ಒಂದು ಸಂಜೆ ಅವರು ಖಿನ್ನಮನಸ್ಕರಾಗಿ ಆ ಪಿಯಾನೋದ ಮುಂದೆ ಕುಳಿತು ಬಾಖ್‌ನ ಆರ್ಗನ್ ಕೃತಿಯೊಂದನ್ನು ನುಡಿಸುತ್ತಿದ್ದರು. ಆಗ ಹಠಾತ್ತನೆ ಒಂದು ಆಲೋಚನೆ ಹೊಳೆಯಿತು. ಬಿಡುವಿನ ಈ ಗಳಿಗೆಗಳನ್ನು ಮರೆಯುವುದಕ್ಕೆ ಬದಲಾಗಿ ವಾದನವನ್ನು ಪರಿಪೂರ್ಣಗೊಳಿಸುವುದಕ್ಕೇ ಏಕೆ ಬಳಸಬಾರದು? ಯೋಚನೆಯೊಡನೆಯೇ ಯೋಜನೆಯೂ ಸಿದ್ಧವಾಯಿತು. ಬಾಖ್, ಮೆಂಡೆಲ್ಸೋನ್, ವಿಡೋರ್, ಸೇಜಾರ್ ಫ್ರಾಂಕ್, ಮಾಕ್ಸ್ ರೇಗರ್ ಇವರ ಕೃತಿಗಳನ್ನು ಒಂದೊಂದಾಗಿ ಎತ್ತಿಕೊಳ್ಳುವುದು. ಅತಿ ಸೂಕ್ಷ್ಮವಾದ ಅಂಶವನ್ನೂ ಬಿಡದೆ ಪರಿಶೀಲಿಸುವುದು. ವಾರಗಳಾಗಲಿ ತಿಂಗಳುಗಳಾಗಲಿ, ಕೃತಿ ಕಂಠಸ್ಥವಾಗುವವರೆಗೆ ಬಿಡದಿರುವುದು.

ಯೂರೋಪಿನಲ್ಲಿ ಅವರ ಅಭ್ಯಾಸವೆಲ್ಲ ಯಾವುದೋ ಒಂದು ಕಚೇರಿಯ ದಿನಾಂಕಕ್ಕೆ ಕಟ್ಟುಬಿದ್ದಿತ್ತು. ಇಂಥ ದಿನದೊಳಗೆ ಇಂಥ ಕೃತಿ ಸಿದ್ಧವಾಗಲೇಬೇಕೆಂಬ ಅವಸರವಿತ್ತು. ಕಾಡಿನಲ್ಲಿ ಆ ಬಂಧನವಿಲ್ಲ, ಸಭೆಯಿಲ್ಲ, ಚಪ್ಪಾಳೆಯಿಲ್ಲ. ಕೆಲವು ದಿನ ಅರ್ಧ ಗಂಟೆಗಿಂತ ಹೆಚ್ಚು ಸಮಯ ದೊರೆಯುತ್ತಿರಲಿಲ್ಲ. ಆದರೂ ಆ ಅರ್ಧ ಗಂಟೆಯಲ್ಲಿ ಅವರು ಕಂಡ ಆನಂದ ಹಿಂದೆ ಕಂಡಿರದಂತಹದು. ಹೊರಗಿನ ಕಾರಣಗಳೆಲ್ಲ ಕಳಚಿಬಿದ್ದ ಮೇಲೆ ವಾದ್ಯವೊಂದೇ ಕಾರಣವಾಗಿ ಉಳಿಯಿತು. ಬಾಲ್ಯದಲ್ಲಿ ಬಲವಂತದಿಂದ ಮಾಡುತ್ತಿದ್ದ ಅಭ್ಯಾಸವು ಈಗ ದಣಿದ ಮನಸ್ಸಿಗೆ ವಿಶ್ರಾಂತಿಯಾಯಿತು.

1914ರಲ್ಲಿ ಮಹಾಯುದ್ಧ ಆರಂಭವಾಯಿತು. ಶ್ವೈಟ್ಸರ್ ದಂಪತಿಗಳು ಜರ್ಮನ್ ಪ್ರಜೆಗಳು. ಲಾಂಬರೇನೆ ಫ್ರೆಂಚರ ವಶದಲ್ಲಿದ್ದ ನೆಲ. ಕೆಲಕಾಲ ಅವರು ಮನೆಯಲ್ಲಿಯೇ ಬಂಧಿತರಾಗಿದ್ದರು. 1917ರಲ್ಲಿ ಅವರನ್ನು ಯುದ್ಧಬಂದಿಗಳಾಗಿ ಯೂರೋಪಿಗೆ ಒಯ್ದು, ಪಿರೆನೀಸ್ ಪರ್ವತಗಳ ಬಳಿಯ ಗಾರೈಸೋನ್ ಶಿಬಿರದಲ್ಲಿಟ್ಟರು. ಪಿಯಾನೋ ಆಫ್ರಿಕದಲ್ಲಿಯೇ ಉಳಿಯಿತು. ಆದರೂ ಅಭ್ಯಾಸ ನಿಲ್ಲಲಿಲ್ಲ. ಹಡಗಿನಲ್ಲಿಯೇ ಅವರು ಮೇಜನ್ನು ಸ್ವರಪಟ್ಟಿಗಳಾಗಿಯೂ ನೆಲವನ್ನು ಕಾಲುಪಟ್ಟಿಗಳಾಗಿಯೂ ಭಾವಿಸಿ ನುಡಿಸತೊಡಗಿದ್ದರು. ಶಿಬಿರದಲ್ಲಿ ಸಹಬಂದಿಯೊಬ್ಬನು ಚಿಕಿತ್ಸೆಯ ಋಣಕ್ಕಾಗಿ ಮರದ ಹಲಗೆಗಳಿಂದ ಒಂದು ಮೇಜನ್ನು ಮಾಡಿಕೊಟ್ಟನು. ಬರೆಯಲೂ ಅದೇ, ನುಡಿಸಲೂ ಅದೇ. ಒಂದು ಸ್ವರವೂ ಹೊರಗೆ ಕೇಳಿಸದ ಆ ವಾದನದಲ್ಲಿ ಕೈಕಾಲುಗಳು ಬಾಖ್‌ನ ಕೃತಿಗಳನ್ನು ನೆನಪಿಟ್ಟುಕೊಂಡವು.

ಅದೇ ಶಿಬಿರದಲ್ಲಿ ಬಂದಿಗಳಾಗಿದ್ದ ಅಲೆಮಾರಿ ವಾದ್ಯಗಾರರ ತಂಡವೊಂದಿತ್ತು. ರೋಮಾ ರೋಲಾ ಅವರ ಗ್ರಂಥದಲ್ಲಿ ಉಲ್ಲೇಖಿತರಾದ ಶ್ವೈಟ್ಸರ್ ಇವರೇ ಎಂದು ತಿಳಿದಾಗ ಅವರು ಈ ವೈದ್ಯರನ್ನು ತಮ್ಮವರೆಂದೇ ಆದರಿಸಿದರು. ಹೆಲೆನ್ ಅವರ ಹುಟ್ಟುಹಬ್ಬದ ಮುಂಜಾನೆ ಅವರನ್ನು ಎಚ್ಚರಿಸಿದ್ದು ಆ ವಾದ್ಯಗಾರರ ಸಂಗೀತವೇ.

1918ರ ಜುಲೈನಲ್ಲಿ ಬಂದಿಗಳ ವಿನಿಮಯದಲ್ಲಿ ಬಿಡುಗಡೆಯಾಗಿ ಊರು ಸೇರಿದಾಗ ಶ್ವೈಟ್ಸರ್ ಅವರ ದೇಹ ಜರ್ಝರಿತವಾಗಿತ್ತು. ಆಮಶಂಕೆಯ ಪರಿಣಾಮವಾಗಿ ಶಸ್ತ್ರಚಿಕಿತ್ಸೆಗೊಳಗಾದರು, ಮರುವರ್ಷ ಮತ್ತೊಂದು. ಆಸ್ಪತ್ರೆಗಾಗಿ ಮಾಡಿದ ಸಾಲ ತಲೆಯ ಮೇಲಿತ್ತು. ವಿದ್ವತ್ ಪ್ರಪಂಚವೂ ಕಲಾಪ್ರಪಂಚವೂ ತಮ್ಮನ್ನು ಮರೆತವೆಂಬ ವಿಷಾದ ಕವಿಯಿತು. ಇಂಥ ಹೊತ್ತಿನಲ್ಲಿ, 1919ರ ಅಕ್ಟೋಬರಿನಲ್ಲಿ, ಬಾರ್ಸಿಲೋನಾದ ಹಳೆಯ ಗಾಯನಸಂಘದಿಂದ ಕರೆ ಬಂದಿತು. ಹೇಗೋ ಪ್ರಯಾಣದ ಹಣವನ್ನು ಹೊಂದಿಸಿಕೊಂಡು ಹೋಗಿ ನುಡಿಸಿದರು. ಕಲಾವಿದರಾಗಿ ತಮಗೆ ಇನ್ನೂ ಬೆಲೆಯಿದೆಯೆಂಬ ಧೈರ್ಯವು ಅಂದು ಮರಳಿತು. ಕಾಡಿನ ಅರ್ಧ ಗಂಟೆಗಳೂ ಮೂಕ ಮೇಜಿನ ಅಭ್ಯಾಸವೂ ವ್ಯರ್ಥವಾಗಿರಲಿಲ್ಲ.

1920ರಲ್ಲಿ ಸ್ವೀಡನ್ನಿನ ಆರ್ಚ್‌ಬಿಷಪ್ ಸೋಡರ್‌ಬ್ಲೂಮ್ ಅವರ ಆಹ್ವಾನದಂತೆ ಉಪ್ಸಾಲಾ ವಿಶ್ವವಿದ್ಯಾಲಯದಲ್ಲಿ ಉಪನ್ಯಾಸ ಮಾಡಿದರು. ಸಾಲದ ಚಿಂತೆಯನ್ನು ಅರಿತ ಆರ್ಚ್‌ಬಿಷಪ್ಪರು ಸ್ವೀಡನ್ನಿನಲ್ಲಿಯೇ ಆರ್ಗನ್ ಕಚೇರಿಗಳನ್ನೂ ಭಾಷಣಗಳನ್ನೂ ಮಾಡುವಂತೆ ಸೂಚಿಸಿದರು. ಕೆಲವೇ ವಾರಗಳಲ್ಲಿ ಸಾಲದ ಬಹುಭಾಗ ತೀರುವಷ್ಟು ಹಣ ಕೂಡಿತು. ಆಫ್ರಿಕಕ್ಕೆ ಮರಳುವ ನಿರ್ಧಾರ ಅಲ್ಲಿಯೇ ಗಟ್ಟಿಯಾಯಿತು. 1924ರಲ್ಲಿ ಲಾಂಬರೇನೆಗೆ ಹಿಂದಿರುಗಿ ಪಾಳುಬಿದ್ದಿದ್ದ ಆಸ್ಪತ್ರೆಯನ್ನು ಮತ್ತೆ ಕಟ್ಟಿದರು. ಆಮೇಲೆ ಯೂರೋಪಿಗೆ ಬಂದಾಗಲೆಲ್ಲ ಊರೂರುಗಳ ಚರ್ಚುಗಳಲ್ಲಿ ಆರ್ಗನ್ ನುಡಿಸಿ, ಬಂದ ಹಣವನ್ನು ಔಷಧಿಗೂ ಕಟ್ಟಡಕ್ಕೂ ವಿನಿಯೋಗಿಸಿದರು. 1935ರಲ್ಲಿ ಲಂಡನ್ನಿನ ಆಲ್ ಹ್ಯಾಲೋಸ್ ಚರ್ಚಿನಲ್ಲಿ ಬಾಖ್‌ನ ಕೃತಿಗಳನ್ನು ಗ್ರಾಮಾಫೋನ್ ತಟ್ಟೆಗಳಿಗೆ ನುಡಿಸಿದರು. ಆ ಚರ್ಚು 1940ರ ಬಾಂಬ್ ದಾಳಿಯಲ್ಲಿ ಹಾಳಾಯಿತು. ಅವರ ವಾದನವು ಮುದ್ರಿಕೆಗಳಲ್ಲಿ ಉಳಿಯಿತು.

1952ನೆಯ ಸಾಲಿನ ನೊಬೆಲ್ ಶಾಂತಿ ಪಾರಿತೋಷಕ ಅವರಿಗೆ ಸಂದಿತು. ಆ ಹಣವನ್ನು ಕುಷ್ಠರೋಗಿಗಳ ವಸತಿಗಾಗಿ ಬಳಸಿದರು. ಆಫ್ರಿಕದ ಜನರನ್ನು ಅವರು ಸಮಾನರಂತೆ ಕಾಣದೆ ಕಿರಿಯರಂತೆ ಕಂಡರೆಂಬ ಟೀಕೆ ಅವರ ಜೀವಿತಕಾಲದಲ್ಲಿಯೂ ಅನಂತರವೂ ಕೇಳಿಬಂದಿದೆ. ಅದು ನ್ಯಾಯವಾದ ಟೀಕೆಯೇ. ವಸಾಹತು ಕಾಲದ ದೃಷ್ಟಿಯಿಂದ ಅವರು ಪೂರ್ಣವಾಗಿ ಬಿಡಿಸಿಕೊಳ್ಳಲಾಗಲಿಲ್ಲ. ಆದರೆ ಅವರ ಸೇವೆಯ ನಿಷ್ಠೆ ಅಲ್ಲಗಳೆಯುವಂಥದಲ್ಲ. 1965ರ ಸೆಪ್ಟೆಂಬರ್ 4ರಂದು, ತೊಂಬತ್ತನೆಯ ವಯಸ್ಸಿನಲ್ಲಿ, ಲಾಂಬರೇನೆಯಲ್ಲಿಯೇ ಕಾಲವಾದರು.

ತೊರೆಯಲು ಸಿದ್ಧರಾಗಿದ್ದ ಮೂರೂ ಅವರಿಗೆ ಮರಳಿ ಬಂದವು. ವಾದ್ಯ ಉಳಿಯಿತು, ವಿಶ್ವವಿದ್ಯಾಲಯಗಳು ಉಪನ್ಯಾಸಕ್ಕೆ ಕರೆದವು, ವಾದನ ಮತ್ತು ಬರವಣಿಗೆಯಿಂದ ಸ್ವಂತ ಗಳಿಕೆಯೂ ಕೈಸೇರಿತು. ಊಟವಾದೊಡನೆ ಪಿಯಾನೋ ಮುಂದೆ ಕೂಡಿಸುತ್ತಿದ್ದ ಆ ಹಿರಿಯಳ ಮಾತು ಒಂದು ಆಸ್ಪತ್ರೆಯ ರೂಪದಲ್ಲಿ ನಿಜವಾಯಿತು. ಕಲಿತುದರಲ್ಲಿ ಬೇಸರ ಹುಟ್ಟಿದಾಗ, ಸಂದರ್ಭದ ಒತ್ತಡದಿಂದ ಅಭ್ಯಾಸ ತಪ್ಪಿದಾಗ, ಎಲ್ಲವೂ ಮುಗಿಯಿತೆಂದು ಕೈಚೆಲ್ಲುವ ವಿದ್ಯಾರ್ಥಿಗಳು ಈ ಬಾಳನ್ನು ನೆನೆಯಬೇಕು. ಬಹುಮಾನವಿಲ್ಲದ, ಪರೀಕ್ಷೆಯಿಲ್ಲದ, ಕೇಳುವವರೂ ಇಲ್ಲದ ಒಂದು ಸಂಜೆ ಆ ವಿದ್ಯೆಯ ಮುಂದೆ ಅರ್ಧ ಗಂಟೆ ಕುಳಿತರೆ ಸಾಕು. ಅದು ನಿಜವಾಗಿ ತಮ್ಮದೋ ಅಲ್ಲವೋ ಎಂಬುದು ಅಲ್ಲಿಯೇ ತಿಳಿಯುತ್ತದೆ.