ಗಾಂಧೀಜಿಯವರ ಸಭಾಕಂಪ

ಸಭೆಯಲ್ಲಿ ಎದ್ದು ನಿಂತಾಗ ಕಾಲು ನಡುಗುವುದಕ್ಕೆ ನಮ್ಮ ಹಿರಿಯರು ಸಭಾಕಂಪವೆಂದು ಹೆಸರಿಟ್ಟಿದ್ದಾರೆ. ನಮ್ಮಲ್ಲಿ ವಿಷಯ ಬಲ್ಲವರೇ ಅನೇಕರು ಚರ್ಚಾಕೂಟಕ್ಕೆ ಹೆಸರು ಕೊಡಲು ಹಿಂಜರಿಯುವುದು ಇದರಿಂದಲೇ. ಇದು ದಡ್ಡರಿಗೆ ಮಾತ್ರ ಬರುವ ರೋಗವೆಂದು ತಿಳಿದವರು ಗಾಂಧೀಜಿಯವರ ಆತ್ಮಕಥೆಯನ್ನು ಓದಬೇಕು. ಅದನ್ನು ಓದಿದಾಗ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಈ ಒಂದು ಎಳೆಯೇ.

1869ರಲ್ಲಿ ಪೋರಬಂದರಿನಲ್ಲಿ ಹುಟ್ಟಿದ ಮೋಹನದಾಸ, ರಾಜಕೋಟೆಯಲ್ಲಿ ಓದುತ್ತಿದ್ದಾಗ ಶಾಲೆ ಬಿಟ್ಟೊಡನೆ ಮನೆಗೆ ಓಡುತ್ತಿದ್ದ. ಯಾರಾದರೂ ಮಾತನಾಡಿಸಿ ಗೇಲಿ ಮಾಡಿಯಾರೆಂಬ ಅಳುಕು! 1888ರಲ್ಲಿ ಬ್ಯಾರಿಸ್ಟರಾಗಲು ಲಂಡನ್ನಿಗೆ ಹೊರಟಾಗ ಆ ಅಳುಕೂ ಜೊತೆಯಲ್ಲೇ ಹಡಗು ಹತ್ತಿತು.

ಅಲ್ಲಿನ ಸಸ್ಯಾಹಾರಿಗಳ ಸಂಘದ ಕಾರ್ಯಕಾರಿ ಸಮಿತಿಗೆ ಅವರು ಸದಸ್ಯರಾದರು. ಆದರೆ ಸಭೆಗಳಲ್ಲಿ ತುಟಿ ಬಿಚ್ಚಲಾರರು. ಸಂತಾನನಿಯಂತ್ರಣವನ್ನು ಸಮರ್ಥಿಸಿದ ಡಾಕ್ಟರ್ ಆಲಿನ್ಸನ್ನರನ್ನು ಸಂಘದಿಂದ ತೆಗೆಯಬೇಕೆಂಬ ಮಾತು ಬಂದಾಗ, ಅದು ಅನ್ಯಾಯವೆಂದು ಅವರಿಗೆ ತೋರಿತು. ಅಭಿಪ್ರಾಯವನ್ನು ಬರೆದು ತಂದರು. ಅದನ್ನು ಓದುವುದಕ್ಕೂ ಧೈರ್ಯ ಸಾಲದೆ ಬೇರೊಬ್ಬರು ಓದಬೇಕಾಯಿತು. ಆಲಿನ್ಸನ್ನರ ಪಕ್ಷ ಸೋತಿತು. ವೆಂಟ್ನರಿನ ಸಭೆಯಲ್ಲಿಯೂ ಇದೇ ಪಾಡು. ಬರೆದದ್ದು ಒಂದೇ ಹಾಳೆ. ಎದ್ದು ನಿಂತರೆ ಕಣ್ಣು ಮಂಜಾಗಿ ಮೈ ನಡುಗಿತು. ಸ್ನೇಹಿತರಾದ ಮಜಮುದಾರರು ಓದಿ ಮುಗಿಸಿದರು. 1891ರಲ್ಲಿ ಊರಿಗೆ ಮರಳುವ ಮುನ್ನ ತಾವೇ ಕೊಟ್ಟ ಔತಣದಲ್ಲಿ ಹಾಸ್ಯದ ಭಾಷಣವೊಂದನ್ನು ಮಾಡಬೇಕೆಂದು ಸಿದ್ಧರಾಗಿದ್ದರು. ಮೊದಲ ವಾಕ್ಯದಾಚೆಗೆ ಒಂದೂ ನೆನಪಾಗದೆ, ವಂದನೆ ಹೇಳಿ ಕುಳಿತುಬಿಟ್ಟರು.

ಬ್ಯಾರಿಸ್ಟರಿಗೆ ಮಾತೇ ಬಂಡವಾಳ. ಮುಂಬಯಿಯ ಸ್ಮಾಲ್ ಕಾಸಸ್ ಕೋರ್ಟಿನಲ್ಲಿ ಅವರ ಮೊದಲ ಮೊಕದ್ದಮೆ ಬಂತು. ಫೀಜು 30 ರೂಪಾಯಿ. ಪಾಟೀಸವಾಲಿಗೆ ಎದ್ದರೆ ತಲೆ ತಿರುಗಿತು, ಒಂದು ಪ್ರಶ್ನೆಯೂ ಹೊಳೆಯಲಿಲ್ಲ. ಬೇರೆ ವಕೀಲರನ್ನು ಗೊತ್ತುಮಾಡಿಕೊಳ್ಳುವಂತೆ ಹೇಳಿ, ಹಣ ಹಿಂದಿರುಗಿಸಿ ಕೋರ್ಟಿನಿಂದ ಹೊರಬಿದ್ದರು. ಮನೆಯವರು ಸಾಲಮಾಡಿ ಓದಿಸಿದ ಮಗನ ಆಗಿನ ಸಂಕಟವನ್ನು ನಾವು ವಿದ್ಯಾರ್ಥಿಗಳು ಬಲ್ಲೆವು.

1893ರಲ್ಲಿ ಅವರು ದಕ್ಷಿಣ ಆಫ್ರಿಕಕ್ಕೆ ಹೋದರು. ಮೇರಿಟ್ಸ್‌ಬರ್ಗಿನಲ್ಲಿ ರೈಲಿನಿಂದ ತಳ್ಳಿಸಿಕೊಂಡರು. ಮುಂದಿನ ಕುದುರೆಗಾಡಿಯ ಪ್ರಯಾಣದಲ್ಲಿ ಪೆಟ್ಟು ತಿಂದರು. ಪ್ರಿಟೋರಿಯ ಸೇರಿದ ಮೇಲೆ ಅಲ್ಲಿನ ಭಾರತೀಯರನ್ನು ಒಂದು ಮನೆಯಲ್ಲಿ ಸೇರಿಸಿ, ವ್ಯಾಪಾರದಲ್ಲಿ ಸತ್ಯವನ್ನು ಪಾಲಿಸಬೇಕೆಂಬ ವಿಷಯವಾಗಿ ಮಾತನಾಡಿದರು. ಅವರೇ ಹೇಳುವಂತೆ ಅದು ಅವರ ಜೀವನದ ಮೊದಲ ಸಾರ್ವಜನಿಕ ಭಾಷಣ. ಲಂಡನ್ನಿನ ಔತಣದಲ್ಲಿ ತಮ್ಮ ಮಾತು ಮೆಚ್ಚುಗೆಯಾದೀತೇ ಎಂಬ ಚಿಂತೆಯಿತ್ತು. ಪ್ರಿಟೋರಿಯದಲ್ಲಿ ಕಣ್ಣೆದುರಿಗಿದ್ದುದು ತಮ್ಮವರ ದುಃಖ. ನಾಲಗೆ ಸಡಿಲಾದ ಗುಟ್ಟು ಇದೇ ಎಂದು ನನಗೆ ತೋರುತ್ತದೆ.

ಹಾಗೆಂದು ಕಂಪ ಒಂದೇ ದಿನಕ್ಕೆ ತೊಲಗಲಿಲ್ಲ. 1896ರಲ್ಲಿ ಮುಂಬಯಿಯಲ್ಲಿ ಫಿರೋಜ್‌ಷಾ ಮೆಹತಾರ ನೆರವಿನಿಂದ ದೊಡ್ಡ ಸಭೆ ಸೇರಿದಾಗ ದನಿ ಉಡುಗಿಹೋಯಿತು. ಕೊನೆಗೆ ಭಾಷಣವನ್ನು ದಿನ್ಷಾ ವಾಚಾ ಓದಿದರು. 1901ರ ಕಲ್ಕತ್ತೆಯ ಕಾಂಗ್ರೆಸ್ಸಿನಲ್ಲಿ ಎಚ್ಚರಿಕೆಯ ಗಂಟೆಯನ್ನು ಮುಕ್ತಾಯದ ಗಂಟೆಯೆಂದು ಭಾವಿಸಿ ನಡುವೆಯೇ ಕುಳಿತರು. ಆದರೆ ಪ್ರತಿಸಲವೂ ಮತ್ತೆ ಎದ್ದು ನಿಂತರು.

1916ರಲ್ಲಿ ಕಾಶಿಯ ಹಿಂದೂ ವಿಶ್ವವಿದ್ಯಾನಿಲಯದ ಸಮಾರಂಭದಲ್ಲಿ, ರಾಜಮಹಾರಾಜರ ಎದುರಿನಲ್ಲೇ ಅವರು ಆ ರಾಜರ ಒಡವೆಗಳನ್ನೂ ಬಡವರ ಪಾಡನ್ನೂ ಕುರಿತು ನುಡಿದರು. ಮಾತು ನಿಲ್ಲಿಸುವಂತೆ ಆನಿ ಬೆಸೆಂಟರು ಸೂಚಿಸಬೇಕಾಯಿತು, ರಾಜರು ಎದ್ದುಹೋದರು. ಒಂದು ಹಾಳೆಯನ್ನು ಓದಲಾರದಿದ್ದವರನ್ನು ಈಗ ತಡೆಯುವುದು ಕಷ್ಟವಾಯಿತು! 1924ರಲ್ಲಿ ನಮ್ಮ ಬೆಳಗಾವಿಯ ಕಾಂಗ್ರೆಸ್ಸಿಗೆ ಅವರೇ ಅಧ್ಯಕ್ಷರು.

ಆದರೂ ಅವರು ವಾಗ್ಮಿಗಳಾಗಲಿಲ್ಲ. ದನಿ ಮೆಲ್ಲನೆಯದು, ಮಾತು ಸರಳ, ಅಲಂಕಾರವಿಲ್ಲ. ಹಿಂದಿನ ಸಂಕೋಚ ತಮಗೆ ಮಾತಿನ ಮಿತವ್ಯಯವನ್ನು ಕಲಿಸಿತೆಂದು ಅವರು ಅದಕ್ಕೆ ಕೃತಜ್ಞರಾಗಿದ್ದರು. ಮಾತು ಬಲ್ಲವರು ಲೋಕದಲ್ಲಿ ಬಹಳ ಮಂದಿ. ತನ್ನವರಿಗಾಗಿ ಹೇಳಲೇಬೇಕಾದುದೊಂದನ್ನು ಎದೆಯಲ್ಲಿಟ್ಟುಕೊಂಡವನು, ಕಾಲು ನಡುಗುತ್ತಿದ್ದರೂ ಎದ್ದು ನಿಲ್ಲಲಿ. ಮಾತು ತಾನಾಗಿ ದಾರಿ ಹುಡುಕಿಕೊಳ್ಳುತ್ತದೆ.